ಮೇಲ್ ಬರುತ್ತದೆ, ಹೋಗುವುದೇ ಇಲ್ಲ!

ಪ್ರಶ್ನೆ: ಮನೆಯ ಹಳೇ ಕಂಪ್ಯೂಟರಿಗೆ ಡೆಬಿಯನ್ (ಲಿನಕ್ಸ್ ಆಪರೇಟಿಂಗ್ ಸಿಸ್ಟಮ್), ಪೋಸ್ಟ್‌ಫಿಕ್ಸ್ (ಮೇಲ್ ಕಳಿಸುವ, ಪಡೆಯುವ ಸಾಫ್ಟ್‌ವೇರ್) ಹಾಕಿ ಸ್ವಂತ ಮೇಲ್ ಸರ್ವರ್ ಮಾಡಿಕೊಂಡಿದ್ದೇನೆ. ಹೊರಗಿನ ಮೇಲ್ ಬರುತ್ತದೆ. ಜಿಮೇಲ್‌ಗೆ ಕಳಿಸಿದ್ದು ಮಾತ್ರ ಹೋಗುವುದೇ ಇಲ್ಲ. ಎಲ್ಲಿ ತಪ್ಪಿದ್ದೇನೆ? ಕರೆಂಟ್ ಹೋದಾಗ ಬರುವ ಮೇಲ್ ಕಳೆದುಹೋಗುತ್ತದಾ?
- ಓದುಗರು, ರಾಜಾಜಿನಗರ, ಬೆಂಗಳೂರು

ಉತ್ತರ: ನಿಮ್ಮ ತಪ್ಪು ಇರಲಿಕ್ಕಿಲ್ಲ. ಮೊದಲು ‘ಮೇಲ್‌ಕ್ಯೂ’ (mailq) ಕಮಾಂಡ್ ಕೊಟ್ಟು, ಹೋಗದೆ ಉಳಿದ ಮೇಲ್‌ಗಳ ಪಟ್ಟಿ ನೋಡಿ. ‘ಕನೆಕ್ಷನ್ ಟೈಮ್ಡ್ ಔಟ್’ ಅಂತ ಬಂದರೆ ಹೊರಗೆ ಹೋಗುವ 25ನೇ ಪೋರ್ಟ್ (ಸರ್ವರ್‌ನಿಂದ ಸರ್ವರ್‌ಗೆ ಮೇಲ್ ಹೋಗುವ ದಾರಿ) ಮುಚ್ಚಿರುವ ಸಾಧ್ಯತೆಯೇ ಜಾಸ್ತಿ. ಸ್ಪ್ಯಾಮ್ ತಡೆಯಲು ಮನೆ ಬ್ರಾಡ್‌ಬ್ಯಾಂಡ್‌ನವರು ಹೀಗೆ ಮಾಡುವುದು ಮಾಮೂಲಿ, ಒಳಗೆ ಬರುವ ದಾರಿ ತೆರೆದಿರುವುದರಿಂದ ನಿಮಗೆ ಮೇಲ್ ಬರುತ್ತಿದೆ, ಅಷ್ಟೇ. ಸುಮ್ನೆ ಕಾನ್ಫಿಗ್ ಫೈಲ್ ತಿದ್ದುತ್ತಾ ಕೂರಬೇಡಿ. ಒಂದು ರಿಲೇ ಸೇವೆ (ನಿಮ್ಮ ಮೇಲ್ ಪಡೆದು ಮುಂದಕ್ಕೆ ತಲುಪಿಸುವ ಸರ್ವರ್) ತೆಗೆದುಕೊಂಡು, ಪೋಸ್ಟ್‌ಫಿಕ್ಸ್‌ನ ‘ರಿಲೇಹೋಸ್ಟ್’ (relayhost) ಸಾಲಿನಲ್ಲಿ ಅದರ ವಿಳಾಸ ಬರೆದು, ಪಾಸ್‌ವರ್ಡ್ ಸಮೇತ 587ನೇ ಪೋರ್ಟಿನಿಂದ ಕಳಿಸಿ.

ಹೋದದ್ದು ಸ್ಪ್ಯಾಮ್‌ಗೆ ಬೀಳಬಾರದಲ್ವಾ? 2024ರ ಫೆಬ್ರವರಿಯಿಂದ ಜಿಮೇಲ್ ಎಲ್ಲ ಕಳುಹಿಸುವವರಿಂದಲೂ ಎಸ್‌ಪಿಎಫ್ (ನಿಮ್ಮ ಡೊಮೇನ್ ಹೆಸರಲ್ಲಿ ಯಾವ ಸರ್ವರ್ ಮೇಲ್ ಕಳಿಸಬಹುದು ಎಂದು ಹೇಳುವ ಡಿಎನ್‌ಎಸ್ ಸಾಲು) ಅಥವಾ ಡಿಕಿಮ್ (ಮೇಲ್‌ಗೆ ಹಾಕುವ ಡಿಜಿಟಲ್ ಸಹಿ) ಕೇಳುತ್ತದೆ. ನನ್ನನ್ನು ಕೇಳಿದರೆ ಎರಡನ್ನೂ ಹಾಕಿ, ಜೊತೆಗೆ ಡಿಮಾರ್ಕ್ (ಈ ಪರೀಕ್ಷೆ ಪಾಸಾಗದ ಮೇಲ್ ಏನು ಮಾಡಬೇಕೆಂದು ಹೇಳುವ ಸಾಲು) ಕೂಡ. ಎಸ್‌ಪಿಎಫ್ ಸಾಲಿನಲ್ಲಿ ರಿಲೇ ಸೇವೆಯ ಹೆಸರು ಸೇರಿಸುವುದನ್ನು ತುಂಬಾ ಜನ ಮರೆಯುತ್ತಾರೆ, ನೀವು ಮರೆಯಬೇಡಿ.

ಕರೆಂಟ್ ಬಗ್ಗೆ ಹೆದರಬೇಡಿ. ನಿಮ್ಮ ಸರ್ವರ್ ಸಿಗದಿದ್ದರೆ ಕಳಿಸಿದ ಸರ್ವರ್ ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಅಲ್ಲಿರುವುದೂ ಪೋಸ್ಟ್‌ಫಿಕ್ಸ್ ಆದರೆ, ಸೆಟ್ಟಿಂಗ್ ಬದಲಿಸದಿದ್ದರೆ, 5 ದಿನ ಕಾಯುತ್ತದೆ. ಆದರೆ ದಿಢೀರ್ ಅಂತ ಆಫ್ ಆದರೆ ಡಿಸ್ಕ್ ಹಾಳಾಗಬಹುದು, ಹಾಗಾಗಿ ಒಂದು ಸಣ್ಣ ಯುಪಿಎಸ್ ಖಂಡಿತ ಇಟ್ಟುಕೊಳ್ಳಿ.