ಕೈಯಲ್ಲಿ ಕಾಸು ಕಡಿಮೆ ಇರುವಾಗ ಪರಿಸರಕ್ಕೆ ಹೊರೆಯಾಗದ ಹಾಗೆ ಬದುಕುವುದು ಹೇಗೆ?

ಬೆಂಗಳೂರಿನಲ್ಲಿ ಒಂದು ರೂಮಿನ ಬಾಡಿಗೆ ಮನೆ, ಸಂಬಳ 18 ಸಾವಿರ, ಪರಿಸರಕ್ಕೆ ಹೊರೆಯಾಗದ ಹಾಗೆ ಬದುಕುವ ಆಸೆ. ಆದರೆ ಬಿದಿರಿನ ಬ್ರಷ್ಷು, ಗಾಜಿನ ಡಬ್ಬಿಗಳ ಬೆಲೆ ನೋಡಿದರೆ ಧೈರ್ಯ ಬರುವುದಿಲ್ಲ, ಎಲ್ಲಿಂದ ಶುರು ಮಾಡಲಿ ಎಂದು ಕೇಳಿದ್ದೀರಿ. ಆರು ವರ್ಷದ ಹಿಂದೆ ನಾನೂ ಹೆಚ್ಚುಕಡಿಮೆ ಇದೇ ಸ್ಥಿತಿಯಲ್ಲಿದ್ದೆ.

ಅವು ಯಾವುದನ್ನೂ ಕೊಳ್ಳಬೇಡಿ. ಮನೆಯಲ್ಲಿರುವ ಪ್ಲಾಸ್ಟಿಕ್ ಡಬ್ಬಿಯಲ್ಲೇ ಅದು ಒಡೆಯುವವರೆಗೆ ಬೇಳೆ ತುಂಬಿಡಿ. ಅದನ್ನು ಎಸೆದು ಗಾಜಿನದು ತಂದರೆ ಕಸವೂ ಜಾಸ್ತಿ, ಖರ್ಚೂ ಜಾಸ್ತಿ, ಅಲ್ವಾ? ನನ್ನನ್ನು ಕೇಳಿದರೆ ಹಸಿಕಸದಿಂದ ಶುರು ಮಾಡಿ.

ನಾವು ಸೊಪ್ಪಿನ ದಂಟು, ಬಾಳೆಹಣ್ಣಿನ ಸಿಪ್ಪೆಯನ್ನು ಪ್ಲಾಸ್ಟಿಕ್ ಜೊತೆ ಕಟ್ಟಿ ಹಾಕಿದರೆ ಅದು ಗಾಳಿಯಿಲ್ಲದೆ ಕೊಳೆಯುತ್ತದೆ. ಮಿಥೇನ್ ಹೊರಡುತ್ತದೆ, ಕೊಳೆತ ರಸ ನೆಲಕ್ಕಿಳಿದು ಸುತ್ತಲಿನ ನೀರು ಕೆಡುತ್ತದೆ. ಬೆಂಗಳೂರಿನ ಕಸ ವರ್ಷಗಟ್ಟಲೆ ಮಂಡೂರಿಗೆ ಹೋಗುತ್ತಿತ್ತು. 2014ರಲ್ಲಿ ಆ ಊರಿನವರು ರಸ್ತೆಗಿಳಿದು ಹೋರಾಡಿದ ಮೇಲೆ, ವರ್ಷದ ಕೊನೆಗೆ ಲಾರಿಗಳು ನಿಂತವು. ನಮ್ಮ ಮನೆಯ ಸಿಪ್ಪೆ ಇನ್ನೊಬ್ಬರ ಬಾವಿ ಕೆಡಿಸುತ್ತದೆ ಅನ್ನುವುದು ನನಗೆ ಈಗಲೂ ಸಹಿಸಲಾಗದ ಮಾತು.

ಆ ಸಿಪ್ಪೆಯನ್ನು ಮನೆಯಲ್ಲೇ ಗೊಬ್ಬರ ಮಾಡಲು ನಾನು ಮಾಡಿದ್ದು ಇಷ್ಟು. ಪೇಂಟ್ ಮಾಡುವವರಿಂದ 20 ಲೀಟರಿನ ಎರಡು ಖಾಲಿ ಬಕೆಟ್ ಕೇಳಿ ತಂದೆ. ಕಾಯಿಸಿದ ಕಬ್ಬಿಣದ ಕಡ್ಡಿಯಿಂದ ಸುತ್ತಲೂ, ತಳಕ್ಕೂ ತೂತು ಹಾಕಿದೆ. ಕೆಳಗೊಂದು ಹಳೇ ತಟ್ಟೆ. ಒಂದು ಪದರ ಒಣ ಎಲೆ, ಅದರ ಮೇಲೆ ಆ ದಿನದ ಸಿಪ್ಪೆ, ಮತ್ತೆ ಒಣ ಎಲೆ. ವಾರಕ್ಕೊಮ್ಮೆ ಸ್ವಲ್ಪ ಹುಳಿ ಮಜ್ಜಿಗೆ ಚಿಮುಕಿಸಿ ಕೋಲಿನಿಂದ ತಿರುವುತ್ತಿದ್ದೆ.

ಮೊದಲ ತಿಂಗಳು ಕೆಟ್ಟ ವಾಸನೆ ಬಂತು. ಬಿಳಿ ಹುಳ ಮುಚ್ಚಳದವರೆಗೆ ಹತ್ತಿದವು. ಓನರ್ ಆಂಟಿ ಮಹಡಿ ಹತ್ತಿ ಬಂದು, "ಏನಮ್ಮಾ ಇದು, ಮನೇಲಿ ಮಕ್ಕಳಿದ್ದಾರೆ" ಅಂದರು. ಅವರ ಮಾತು ಸರಿಯಾಗಿಯೇ ಇತ್ತು. ಉಳಿದ ಸಾಂಬಾರು, ಅನ್ನ ಎಲ್ಲ ಅದಕ್ಕೇ ಸುರಿಯುತ್ತಿದ್ದೆ, ಎಲೆ ಹಾಕಿದ್ದು ಕಡಿಮೆ. ಬೇಯಿಸಿದ್ದನ್ನು ನಿಲ್ಲಿಸಿದೆ. ಒಂದು ಹಿಡಿ ಸಿಪ್ಪೆಗೆ ಎರಡು ಹಿಡಿ ಒಣ ಎಲೆ ಹಾಕತೊಡಗಿದೆ. ವಾರದಲ್ಲಿ ವಾಸನೆ ಹೋಯಿತು. ಆ ಹುಳಗಳೂ ಕಸ ತಿಂದು ಗೊಬ್ಬರಕ್ಕೆ ನೆರವಾಗುತ್ತವೆ, ಹೆದರಬೇಡಿ.

ಒಣ ಎಲೆಗೆ ದುಡ್ಡು ಕೊಡಬೇಕಿಲ್ಲ. ಫೆಬ್ರವರಿ, ಮಾರ್ಚ್‌ನಲ್ಲಿ ನಮ್ಮ ಬೀದಿಯ ಮರಗಳು ಎಲೆ ಉದುರಿಸುತ್ತವೆ. ಗುಡಿಸುವ ಅಕ್ಕನನ್ನು ಕೇಳಿದರೆ ಖುಷಿಯಿಂದ ಕೊಡುತ್ತಾರೆ. ಎರಡು ಮೂಟೆ ತುಂಬಿಟ್ಟರೆ ತಿಂಗಳುಗಟ್ಟಲೆ ಬರುತ್ತದೆ. ಇಬ್ಬರ ಮನೆಯಲ್ಲಿ ಒಂದು ಬಕೆಟ್ ತುಂಬಲು ನಮಗೆ ಒಂದೂವರೆ ತಿಂಗಳು ಬೇಕು. ಅದನ್ನು ಎರಡು ತಿಂಗಳು ಮುಚ್ಚಿಡುತ್ತೇನೆ, ಅಷ್ಟರಲ್ಲಿ ಇನ್ನೊಂದು ತುಂಬುತ್ತಿರುತ್ತದೆ. ತೆಗೆದಾಗ ಕಪ್ಪು ಮಣ್ಣು, ಮೊದಲ ಮಳೆಯ ವಾಸನೆ. ಅದರಲ್ಲೇ ಬಸಳೆ ಬೆಳೆಯುತ್ತೇನೆ. ಮಾರ್ಕೆಟ್‌ನಿಂದ ತಂದ ದಂಟನ್ನೇ ನೆಟ್ಟರೆ ಸಾಕು, ಚಿಗುರುತ್ತದೆ. ಓನರ್ ಆಂಟಿ ಈಗ ತಮ್ಮ ದಾಸವಾಳಕ್ಕೆ ಗೊಬ್ಬರ ಕೇಳಿ ಒಯ್ಯುತ್ತಾರೆ.

ಇನ್ನು ಗ್ಯಾಸು. ದುಡ್ಡು ಕಣ್ಣಿಗೆ ಕಾಣುವ ಹಾಗೆ ಉಳಿಯುವುದು ಇಲ್ಲೇ. ಕಡಲೆ, ಹೆಸರುಕಾಳು, ಅಲಸಂದೆ ಏನೇ ಇರಲಿ, ರಾತ್ರಿಯೇ ನೆನೆಹಾಕಿ. ಕುಕ್ಕರ್ ಒಂದು ಸೀಟಿ ಹೊಡೆದ ಕೂಡಲೇ ಉರಿ ಪೂರಾ ಸಣ್ಣ ಮಾಡಿ. ಒಳಗಿನ ಬಿಸಿ ಆಗಲೇ ಸುಮಾರು 120 ಡಿಗ್ರಿ ಮುಟ್ಟಿರುತ್ತದೆ. ಆಮೇಲೆ ಉರಿ ಜಾಸ್ತಿ ಇಟ್ಟರೆ ಆ ಬಿಸಿ ಏರುವುದಿಲ್ಲ, ಸೀಟಿಯಲ್ಲಿ ಹಬೆ ಸುಮ್ನೆ ಹೊರಗೆ ಹೋಗುತ್ತದೆ. ನಮ್ಮಲ್ಲಿ ಒಂದೂವರೆ ತಿಂಗಳಿಗೆ ಮುಗಿಯುತ್ತಿದ್ದ ಸಿಲಿಂಡರ್ ಈಗ ಎರಡು ತಿಂಗಳು ದಾಟುತ್ತದೆ.

ಗೃಹಜ್ಯೋತಿ ಇರುವುದರಿಂದ ಕರೆಂಟ್ ಉಳಿಸಿ ಏನು ಲಾಭ ಅಂತ ಕೆಲವರು ಕೇಳುತ್ತಾರೆ. ಬಿಲ್ ಸೊನ್ನೆ ಬಂದರೂ ರಾಯಚೂರಿನ ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಕಲ್ಲಿದ್ದಲು ಉರಿಯುವುದು ನಿಲ್ಲುವುದಿಲ್ಲ. ಎರಡು ಸಾವಿರ ವಾಟ್‌ನ ಗೀಸರ್ ಅರ್ಧ ಗಂಟೆ ಹಾಕಿದರೆ ಒಂದು ಯೂನಿಟ್. ಹಳೇ ಫ್ಯಾನ್ ಕೆಟ್ಟರೆ ಮಾತ್ರ ಕಡಿಮೆ ವಾಟ್‌ನದು ತನ್ನಿ. ಚೆನ್ನಾಗಿರುವುದನ್ನು ಬದಲಿಸಲು ಸಾಲ ಮಾಡಬೇಡಿ.

ನೀರಿನ ಬಗ್ಗೆ ನನಗೆ ತುಂಬಾ ಕಾಳಜಿ. ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದಿಂದ, ತೊರೆಕಾಡನಹಳ್ಳಿಯಿಂದ ಪಂಪ್ ಆಗಿ ಎತ್ತರದ ಈ ಊರಿಗೆ ಹತ್ತಿ ಬರುತ್ತದೆ. ಅಂದರೆ ಪ್ರತಿ ಬಿಂದಿಗೆ ನೀರಿನಲ್ಲೂ ಕರೆಂಟ್ ಇದೆ. ನಲ್ಲಿಯ ಬಾಯಿಗೆ ಏರೇಟರ್ (ನೀರಿಗೆ ಗಾಳಿ ಬೆರೆಸಿ ಹರಿವು ಕಡಿಮೆ ಮಾಡುವ ಸಣ್ಣ ಜಾಲರಿ) ಹಾಕಿಸಿ, ಹಾರ್ಡ್‌ವೇರ್ ಅಂಗಡಿಯಲ್ಲಿ ನೂರು ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತದೆ. 2024ರ ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾದಿದ್ದ ನಮ್ಮ ವಠಾರದವರು ಈಗ ಅಕ್ಕಚ್ಚನ್ನೂ ಚೆಲ್ಲುವುದಿಲ್ಲ, ಗಿಡಕ್ಕೆ ಹಾಕುತ್ತಾರೆ.

ಬಟ್ಟೆಯ ವಿಷಯಕ್ಕೆ ನಮ್ಮ ಅವ್ವನೇ ನನಗೆ ಪಾಠ. ಹಾವೇರಿ ಕಡೆ ಹಳೇ ಸೀರೆಯೆಲ್ಲ ಕೌದಿಯಾಗುತ್ತದೆ. ಅವ್ವ ಹೊಲಿದ ಕೌದಿ ಹೊದ್ದೇ ನಾನು ಇಲ್ಲಿಯ ಚಳಿಗಾಲ ಕಳೆಯುತ್ತೇನೆ. ಹರಿದ ಪ್ಯಾಂಟಿನಿಂದ ಬೀದಿಯ ಟೈಲರ್ ಮೂವತ್ತು ರೂಪಾಯಿಗೆ ಗಟ್ಟಿ ಕೈಚೀಲ ಹೊಲಿದುಕೊಟ್ಟರು.

ಪಾತ್ರೆ, ನೆಲ ತೊಳೆಯಲು ಹಣ್ಣಿನ ಸಿಪ್ಪೆ ಹುದುಗಿಸಿ ಬಯೋ ಎಂಜೈಮ್ ಮಾಡಿ ಅಂತ ತುಂಬಾ ಜನ ಹೇಳುತ್ತಾರೆ. ಅದಕ್ಕೆ ಬೆಲ್ಲ ಬೇಕು, ಮೂರು ತಿಂಗಳು ಕಾಯಬೇಕು. ನಿಮ್ಮ ಬಜೆಟ್‌ಗೆ ಈಗಲೇ ಬೇಡ. ನೆನೆಸಿ ಕುದಿಸಿದ ಅಂಟುವಾಳದ ನೀರು ಮತ್ತು ತೆಂಗಿನ ನಾರು ಪಾತ್ರೆಗೆ ಸಾಕು.

ಎಲ್ಲವನ್ನೂ ಒಟ್ಟಿಗೆ ಹಿಡಿಯಬೇಡಿ. ಈ ಭಾನುವಾರ ಬಕೆಟ್ ಹುಡುಕಿ ತೂತು ಹಾಕಿ. ಹೊಸ ಬಕೆಟ್‌ಗೆ ಹಳೇ ಗೊಬ್ಬರ ಒಂದು ಹಿಡಿ ಬೆರೆಸಿದರೆ ಬೇಗ ಹಿಡಿಯುತ್ತದೆ, ಮಜ್ಜಿಗೆಯೂ ಬೇಡ. ಯಲಹಂಕ ಕಡೆ ಇದ್ದರೆ ಕೆಳಗೆ ಬರೆಯಿರಿ. ನನ್ನ ಹತ್ತಿರ ಈಗಷ್ಟೇ ಒಂದು ಬಕೆಟ್ ಹಣ್ಣಾಗಿದೆ, ಕೊಡುತ್ತೇನೆ.