ಲಾಳಕ್ಕೆ ಸ್ಟಡ್: ಯಾವುದು, ಎಷ್ಟು, ಯಾವಾಗ?

ಪ್ರಶ್ನೆ: ಮಳೆಗಾಲದಲ್ಲಿ ಹುಲ್ಲಿನ ಮೈದಾನದಲ್ಲಿ ಜಂಪಿಂಗ್ ಮಾಡಿಸುತ್ತೇವೆ. ತಿರುವಿನಲ್ಲಿ ನಮ್ಮ ಕುದುರೆಯ ಹಿಂಗಾಲು ಜಾರುತ್ತದೆ. ದೊಡ್ಡ ಸ್ಟಡ್ ಹಾಕಿಸಿದರೆ ಸರಿಹೋಗುತ್ತದೆಯೇ?
– ಓದುಗರು, ಬೆಂಗಳೂರು

ಉತ್ತರ: ಸ್ಟಡ್ ಎಂದರೆ ಕುದುರೆ ಜಾರದಿರಲೆಂದು ಲಾಳದ ತೂತಿಗೆ ತಿರುಗಿಸಿ ಕೂರಿಸುವ ಲೋಹದ ತುಂಡು. ದೊಡ್ಡದನ್ನೇ ಹಾಕಿಸಬೇಕೆಂದಿಲ್ಲ. ಮೊದಲು ನೆಲ ನೋಡಿ. ಕುದುರೆ ತಿರುಗುವ ಜಾಗದಲ್ಲೇ ನಿಂತು ಬೂಟಿನ ಹಿಮ್ಮಡಿ ಊರಿ, ಮೈಭಾರ ಬಿಡಿ. ಹುಲ್ಲು ಒದ್ದೆಯಾಗಿದ್ದು ಹಿಮ್ಮಡಿ ಕೆಳಗಿಳಿಯದಿದ್ದರೆ ನೆಲ ಒಳಗೆ ಗಟ್ಟಿ, ಮೇಲೆ ಮಾತ್ರ ಜಾರು. ಅದಕ್ಕೆ ಸುಮಾರು 10 ಮಿ.ಮೀ. ಎತ್ತರದ, ಮೊನೆಯುಳ್ಳ ಸಣ್ಣ ಸ್ಟಡ್ ಸಾಕು. ಹಿಮ್ಮಡಿ ಹೂತುಹೋಗುವಷ್ಟು ಮೆತ್ತಗಿದ್ದರೆ ಮೊನೆ ಕೆಸರನ್ನು ಸೀಳಿಕೊಂಡು ಹೋಗುತ್ತದೆಯೇ ಹೊರತು ಹಿಡಿಯುವುದಿಲ್ಲ. ಅಲ್ಲಿ ಅಗಲವಾದ, ಚೌಕ ಅಥವಾ ಗುಂಡು ತಲೆಯ ದೊಡ್ಡ ಸ್ಟಡ್ ಬೇಕು.

ಸ್ಟಡ್ ಪೂರ್ತಿಯಾಗಿ ನೆಲದೊಳಗೆ ಇಳಿಯಲೇಬೇಕು. ಇಳಿಯದಿದ್ದರೆ ಕುದುರೆ ಪ್ರತಿ ಹೆಜ್ಜೆಗೂ ಕಲ್ಲಿನ ಮೇಲೆ ಹಿಮ್ಮಡಿ ಊರಿದಂತಾಗುತ್ತದೆ. ಇನ್ನೊಂದು ಮಾತು: ಗೊರಸು ನೆಲ ಮುಟ್ಟಿದ ಮೇಲೆ ಕೊಂಚ ಜಾರಿಯೇ ನಿಲ್ಲುವುದು ಸಹಜ. ಆ ಚೂರು ಜಾರಿಕೆಯೇ ಹೊಡೆತವನ್ನು ತಗ್ಗಿಸುತ್ತದೆ. ಹಿಡಿತ ಅತಿಯಾದರೆ ಕಾಲು ಅಲ್ಲೇ ನಾಟಿಕೊಳ್ಳುತ್ತದೆ, ಮೈ ಮಾತ್ರ ಮುಂದಕ್ಕೆ ತಿರುಗುತ್ತದೆ. ಆ ತಿರುಚು ಕೀಲಿಗೂ ಸ್ನಾಯುರಜ್ಜಿಗೂ ಬೀಳುತ್ತದೆ. ಹಾಗಾಗಿ ಅತಿ ಸಣ್ಣದರಿಂದ ಶುರುಮಾಡಿ, ಜಾರಿದರೆ ಮಾತ್ರ ಒಂದು ಅಳತೆ ಮೇಲಕ್ಕೆ ಹೋಗಿ.

ನೂಕುವ ಬಲ ಹಿಂಗಾಲಿನದು. ಅದಕ್ಕೇ ಹಿಂದಿನ ಸ್ಟಡ್ ಮುಂದಿನದಕ್ಕಿಂತ ತುಸು ದೊಡ್ಡದಿರಬಹುದು. ಒಳಬದಿಗೆ ಯಾವತ್ತೂ ಸಣ್ಣದು, ಮೊಂಡಾದುದೇ ಇರಲಿ. ಮೊನೆಯಿದ್ದರೆ ಪಕ್ಕದ ಕಾಲನ್ನು ಸೀಳುತ್ತದೆ. ಹೊರಬದಿಗೆ ಒಂದನ್ನೇ ಹಾಕುವ ರೂಢಿಯೂ ಇದೆ. ಮೆತ್ತನೆಯ ನೆಲದಲ್ಲಿ ಅದು ನಡೆದೀತು, ಗಟ್ಟಿ ನೆಲದಲ್ಲಿ ಗೊರಸು ಓರೆಯಾಗುತ್ತದೆ. ನಾವು ಎರಡೂ ಬದಿಗೆ ಹಾಕಿ ಎಂದೇ ಹೇಳುತ್ತೇವೆ.

ಪ್ರಶ್ನೆ: ಹೊರದೇಶದಿಂದ ತರಿಸಿದ ಸ್ಟಡ್ ಲಾಳದ ತೂತಿನಲ್ಲಿ ಲೊಡಲೊಡ ಎನ್ನುತ್ತದೆ. ಎರಡು ಸಲ ಮೈದಾನದಲ್ಲೇ ಉದುರಿತು.
– ಓದುಗರು, ಹುಬ್ಬಳ್ಳಿ

ಉತ್ತರ: ಥ್ರೆಡ್, ಅಂದರೆ ತಿರುಪಿನ ಗೀರು, ಹೊಂದುತ್ತಿಲ್ಲ. ಬ್ರಿಟನ್ನಿನ ಸ್ಟಡ್‌ಗಳು ಸಾಮಾನ್ಯವಾಗಿ 3/8 ಇಂಚಿನವು, ಅಂದರೆ ಸುಮಾರು 9.5 ಮಿ.ಮೀ. ಯುರೋಪಿನ ಉಳಿದ ಕಡೆ ಎಂ10, ಎಂ12 (10 ಮತ್ತು 12 ಮಿ.ಮೀ. ಅಳತೆಯವು) ಹೆಚ್ಚು. ಎಂ10 ತೂತಿಗೆ 3/8ರ ಸ್ಟಡ್ ತಿರುಗಿಸಿದರೆ ಕೂತಂತೆ ಕಾಣುತ್ತದೆ, ಹಿಡಿತ ಇರುವುದಿಲ್ಲ. 3/8ರ ತೂತಿಗೆ ಎಂ10 ತುರುಕಿದರೆ ಲಾಳದ ಥ್ರೆಡ್ಡೇ ಹಾಳು. ಲಾಳ ಕಟ್ಟುವವರಿಗೆ ಸ್ಟಡ್ಡನ್ನೇ ಕೈಗೆ ಕೊಟ್ಟು ತೋರಿಸಿ. 3/8ಕ್ಕೆ 5/16 ಇಂಚಿನ ಡ್ರಿಲ್, ಎಂ10ಕ್ಕೆ 8.5 ಮಿ.ಮೀ. ಡ್ರಿಲ್, ಆಮೇಲೆ ಅದೇ ಅಳತೆಯ ಟ್ಯಾಪ್ (ತೂತಿನೊಳಗೆ ಥ್ರೆಡ್ ಕೊರೆಯುವ ಉಪಕರಣ). ಲಾಳವನ್ನು ಗೊರಸಿಗೆ ಹೊಡೆಯುವ ಮೊದಲೇ, ಕೊನೆಯ ಮೊಳೆಯ ಹಿಂದೆ ಹಿಮ್ಮಡಿಯ ಕಡೆ ತೂತು ಕೊರೆಯಬೇಕು. ಸ್ಟಡ್ಡಿನ ಥ್ರೆಡ್ ಲಾಳದ ದಪ್ಪಕ್ಕಿಂತ ಉದ್ದವಿರಬಾರದು. ಉದ್ದವಾದರೆ ತುದಿ ಗೊರಸನ್ನು ಒತ್ತಿ ಕುದುರೆ ಕುಂಟುತ್ತದೆ.

ಪ್ರಶ್ನೆ: ಸ್ಪರ್ಧೆಯ ದಿನ ನಾಲ್ಕು ಕಾಲಿಗೂ ಹಾಕುವಷ್ಟರಲ್ಲಿ ಸೈಸ್‌ಗೂ (ಕುದುರೆ ನೋಡಿಕೊಳ್ಳುವವನಿಗೂ) ಕುದುರೆಗೂ ಸಾಕಾಗಿಹೋಗುತ್ತದೆ. ಬೇಗ ಮುಗಿಸುವುದು ಹೇಗೆ?
– ಓದುಗರು, ಬೆಂಗಳೂರು

ಉತ್ತರ: ಹಿಂದಿನ ದಿನವೇ ಅರ್ಧ ಕೆಲಸ ಮುಗಿಸಿಡಿ. ಸ್ಟಡ್ ಇಲ್ಲದಾಗ ತೂತು ಬರಿದಾಗಿದ್ದರೆ ಮರಳು, ಸಣ್ಣ ಕಲ್ಲು ತುಂಬಿ ಬಿಗಿಯುತ್ತವೆ. ನಿಮ್ಮ ಹೊತ್ತು ಹೋಗುವುದು ಅಲ್ಲೇ. ಸಂಜೆ ಲಾಳದ ಮೊಳೆಯ ತುದಿಯಿಂದ ಕೆದಕಿ, ಸಣ್ಣ ತಂತಿ ಬ್ರಷ್ಷಿನಿಂದ ಉಜ್ಜಿ, ಟ್ಯಾಪನ್ನು ಬೆರಳಿನಿಂದಲೇ ನೆಟ್ಟಗೆ ಇಟ್ಟು ತಿರುಗಿಸಿ. ಓರೆಯಾಗಿ ಹೊಕ್ಕರೆ ಹೊಸ ಥ್ರೆಡ್ ಕೊರೆದು ತೂತೇ ಕೆಡುತ್ತದೆ. ಟ್ಯಾಪ್ ಒಳಗಿರುವಾಗ ಕುದುರೆ ಕಾಲು ಊರಬಾರದು, ಒಬ್ಬರು ಕಾಲು ಹಿಡಿದಿರಲಿ. ಬಳಿಕ ಎಣ್ಣೆಯಲ್ಲಿ ನೆನೆದ ಹತ್ತಿಯನ್ನು ಒತ್ತಿ ತುಂಬಿಬಿಡಿ.

ಬೆಳಗ್ಗೆ ಹತ್ತಿ ತೆಗೆದು, ಸ್ಟಡ್ಡನ್ನು ಕೈಯಲ್ಲೇ ಕೊನೆತನಕ ತಿರುಗಿಸಿ, ಸ್ಪ್ಯಾನರಿನಿಂದ ಒಂದು ಬಿಗಿ ಕೊಟ್ಟರೆ ಆಯಿತು. ವಾರ್ಮ್‌ಅಪ್‌ಗೆ ತುಸು ಮುಂಚೆ ಹಾಕಿ, ಸವಾರಿ ಮುಗಿದ ಕೂಡಲೇ ಬಿಚ್ಚಿ, ಎಣಿಸಿ, ತೂತಿಗೆ ಮತ್ತೆ ಹತ್ತಿ ಇಡಿ. ಸ್ಟಡ್ ಇರುವಾಗ ಕುದುರೆಯನ್ನು ಗಾಡಿ ಹತ್ತಿಸಲೇಬೇಡಿ. ಮುಂಗಾಲಿಗೆ ಬೆಲ್ ಬೂಟ್ (ಗೊರಸಿನ ಸುತ್ತ ಕೂರುವ, ಗಂಟೆಯಾಕಾರದ ಕವಚ) ಹಾಕಿ. ಜಿಗಿಯುವಾಗ ಮುಂಗಾಲನ್ನು ಹೊಟ್ಟೆಗಂಟಿಸಿ ಮಡಚುವ ಕುದುರೆಯಾದರೆ ಹೊಟ್ಟೆ ಮುಚ್ಚುವ ಅಗಲ ಪಟ್ಟಿಯೂ ಬೇಕು. ಸ್ಟಡ್ ಚುಚ್ಚಿದ ಗಾಯ ಹೊರಗೆ ಸಣ್ಣದು, ಒಳಗೆ ಆಳ. ತೊಳೆದು ವೈದ್ಯರಿಗೆ ತೋರಿಸಿ. ಟೆಟನಸ್ ಲಸಿಕೆ ಬಾಕಿ ಇದೆಯೇ ಎಂದು ಅಂದೇ ನೋಡಿ.

ಪ್ರಶ್ನೆ: ನಮ್ಮದು ಟಾಂಗಾ ಕುದುರೆ. ಡಾಂಬರು ರಸ್ತೆಯಲ್ಲಿ ಜಾರುತ್ತದೆ. ಇದೇ ಸ್ಟಡ್ ಆದೀತೇ?
– ಓದುಗರು, ಮೈಸೂರು

ಉತ್ತರ: ಆಗದು. ಹುಲ್ಲಿನ ಸ್ಟಡ್ ಡಾಂಬರಿಗೆ ಇಳಿಯುವುದಿಲ್ಲ, ಇಡೀ ದಿನ ಕಾಲು ಅದರ ಮೇಲೇ ನಿಂತಿರುತ್ತದೆ. ರಸ್ತೆಗೆ ಟಂಗ್‌ಸ್ಟನ್ ತುದಿಯ ಗಿಡ್ಡ ಪಿನ್, ಇಲ್ಲವೇ ಟಂಗ್‌ಸ್ಟನ್ ತಲೆಯ ಮೊಳೆ ಬೇಕು. ಮೊಳೆಯೇ ಸುಲಭ: ಪ್ರತಿ ಲಾಳದ ಎರಡೂ ಬದಿಯ ಕೊನೆಯ ಮೊಳೆಯ ಜಾಗಕ್ಕೆ ಒಂದೊಂದು. ಒಂದೇ ಬದಿಗೆ ಬೇಡ. ಅದಕ್ಕೂ ಮೊದಲು ಕಾಲೆತ್ತಿ ಲಾಳದ ಅಡಿಯನ್ನೇ ನೋಡಿ. ಸವೆದು ಕನ್ನಡಿಯಂತೆ ಹೊಳೆಯುತ್ತಿದ್ದರೆ, ಮೊಳೆ ಕೂರುವ ಕಾಲುವೆ ಅಳಿಸಿಹೋಗಿದ್ದರೆ, ಜಾರಲು ಅದೇ ಕಾರಣ. ಐದಾರು ವಾರಕ್ಕೊಮ್ಮೆ ಲಾಳ ಬಿಚ್ಚಿಸಿ, ಗೊರಸು ಕತ್ತರಿಸಿ ಹೊಸದಾಗಿ ಕಟ್ಟಿಸಿ.

ಪ್ರಶ್ನೆ: 2018ರ ಏಷ್ಯನ್ ಗೇಮ್ಸ್‌ನಲ್ಲಿ ಬೆಂಗಳೂರಿನ ಫವಾದ್ ಮಿರ್ಜಾ ಬೆಳ್ಳಿ ಗೆದ್ದ ಈವೆಂಟಿಂಗ್‌ಗೆ ಮಗಳು ತಯಾರಾಗುತ್ತಿದ್ದಾಳೆ. ಅದರಲ್ಲಿನ ಡ್ರೆಸಾಜ್ (ಶಿಸ್ತಿನ ನಡಿಗೆಯ ಪ್ರದರ್ಶನ), ಕ್ರಾಸ್‌ಕಂಟ್ರಿ (ಬಯಲಿನ ಅಡೆತಡೆ ಓಟ), ಜಂಪಿಂಗ್ ಮೂರಕ್ಕೂ ಒಂದೇ ಸೆಟ್ ಸ್ಟಡ್ ಸಾಕೇ?
– ಓದುಗರು, ಮಂಗಳೂರು

ಉತ್ತರ: ಸಾಲದು. ಮರಳಿನ ಅರೀನಾದಲ್ಲಾದರೆ ಡ್ರೆಸಾಜ್‌ಗಾಗಲಿ ಜಂಪಿಂಗ್‌ಗಾಗಲಿ ಸ್ಟಡ್ಡೇ ಬೇಡ. ಹುಲ್ಲಿನ ಕ್ರಾಸ್‌ಕಂಟ್ರಿಗೆ ಗಟ್ಟಿ ನೆಲದ್ದೊಂದು, ಮೆತ್ತನೆಯ ನೆಲದ್ದೊಂದು, ಹೀಗೆ ಎರಡು ಸೆಟ್ ಪೆಟ್ಟಿಗೆಯಲ್ಲಿರಲಿ. ಟ್ರ್ಯಾಕ್ ನಡೆದು ನೋಡಿದ ಮೇಲೆ ಆರಿಸಿ. ಹಿಂದಿನ ರಾತ್ರಿ ಮಳೆ ಬಂದಿದ್ದರೆ ಬೆಳಗ್ಗೆ ಇನ್ನೊಮ್ಮೆ ನಡೆಯಿರಿ.