ಇಟಲಿಯ ಮನೆಯಲ್ಲಿ ಓವನ್ ಮತ್ತು ವಾಷಿಂಗ್ ಮೆಷಿನ್ ಒಟ್ಟಿಗೆ ಹಾಕಿದರೆ ಕರೆಂಟ್ ಹೋಗುವುದೇಕೆ?

ನಿಮ್ಮ ಮನೆಯ ವೈರಿಂಗ್ ಕೆಟ್ಟಿರಬೇಕೆಂದಿಲ್ಲ. ವಿದ್ಯುತ್ ಕಂಪನಿಯೊಡನೆ ಆಗಿರುವ ಒಪ್ಪಂದದ ಮಿತಿಯನ್ನು ನೀವು ದಾಟುತ್ತಿರುವ ಸಾಧ್ಯತೆಯೇ ಹೆಚ್ಚು. ಇಟಲಿಯ ಬಹುತೇಕ ಮನೆಗಳ ಒಪ್ಪಂದ 3 ಕಿಲೋವ್ಯಾಟ್‌ನದು. ಶೇಕಡಾ 10ರಷ್ಟು ಹೆಚ್ಚು ಬಳಕೆಯನ್ನು ಮೀಟರು ಸಹಿಸಿಕೊಳ್ಳುತ್ತದೆ; ಅದಕ್ಕಿಂತ ಬಹಳ ಮೇಲೆ ಹೋದರೆ ಕೆಲವೇ ನಿಮಿಷಗಳಲ್ಲಿ ತಾನಾಗಿ ಇಡೀ ಮನೆಯ ಸಂಪರ್ಕವನ್ನು ಕಡಿದುಹಾಕುತ್ತದೆ.

ಅಮೆರಿಕದಿಂದ ಬಂದವರಿಗೆ ಇದು ವಿಚಿತ್ರವೆನಿಸುವುದು ಸಹಜ. ಅಲ್ಲಿ 240 ವೋಲ್ಟ್, 200 ಆಂಪಿಯರ್ ಸಂಪರ್ಕವಿರುವ ಮನೆಗೆ ಲೆಕ್ಕದ ಪ್ರಕಾರ 48 ಕಿಲೋವ್ಯಾಟ್‌ವರೆಗೆ ಅವಕಾಶವಿರುತ್ತದೆ. ಇಲ್ಲಿನ 3 ಕಿಲೋವ್ಯಾಟ್ ಎಂದರೆ 230 ವೋಲ್ಟ್‌ನಲ್ಲಿ ಸುಮಾರು 13 ಆಂಪಿಯರ್ ಮಾತ್ರ. ಇನ್ನೊಂದು ವ್ಯತ್ಯಾಸವನ್ನು ಹೊಸಬರು ಗಮನಿಸುವುದೇ ಇಲ್ಲ: ಅಮೆರಿಕದ ವಾಷಿಂಗ್ ಮೆಷಿನ್ ಸಾಮಾನ್ಯವಾಗಿ ಮನೆಯ ಹೀಟರ್‌ನಿಂದ ಬಿಸಿನೀರನ್ನು ಪಡೆಯುತ್ತದೆ, ಯುರೋಪಿನದು ತಣ್ಣೀರನ್ನು ಎಳೆದುಕೊಂಡು ತನ್ನೊಳಗೇ ಕಾಯಿಸುತ್ತದೆ. ಆ ಹೊತ್ತಿನಲ್ಲಿ ಅದೊಂದೇ ಸುಮಾರು 2 ಕಿಲೋವ್ಯಾಟ್ ಬಳಸುವುದರಿಂದ, ಅಷ್ಟೇ ಬೇಡುವ ಓವನ್ ಕೂಡ ಉರಿಯುತ್ತಿದ್ದರೆ ಮಿತಿ ಮೀರುತ್ತದೆ.

ಕರೆಂಟ್ ಹೋದಾಗ ಒಂದು ಯಂತ್ರವನ್ನು ನಿಲ್ಲಿಸಿ, ಮೀಟರಿನ ಸ್ವಿಚ್ ಮೇಲೆತ್ತಿ. ಅಪಾರ್ಟ್‌ಮೆಂಟ್‌ಗಳಲ್ಲಿ ಮೀಟರು ಹಲವೊಮ್ಮೆ ನೆಲಮಹಡಿಯಲ್ಲೋ ನೆಲಮಾಳಿಗೆಯಲ್ಲೋ ಇರುವುದರಿಂದ, ಅದು ಎಲ್ಲಿದೆಯೆಂದು ಮನೆಗೆ ಬಂದ ದಿನವೇ ಕೇಳಿಟ್ಟುಕೊಳ್ಳಿ. ಇದು ಪದೇ ಪದೇ ಆಗುತ್ತಿದ್ದರೆ ಒಪ್ಪಂದದ ಮಿತಿಯನ್ನು ಏರಿಸಿಕೊಳ್ಳಬಹುದು. 2017ರಿಂದ ಮನೆಗಳಿಗೆ 6 ಕಿಲೋವ್ಯಾಟ್‌ವರೆಗೆ ಅರ್ಧರ್ಧ ಕಿಲೋವ್ಯಾಟ್‌ನಂತೆ ಹೆಚ್ಚಿಸುವ ಅವಕಾಶವಿದೆ. ಆದರೆ ಬಿಲ್ಲಿನ ನಿಗದಿತ ಶುಲ್ಕದ ಒಂದು ಭಾಗ ಈ ಮಿತಿಯನ್ನೇ ಆಧರಿಸಿರುವುದರಿಂದ ಅದೂ ಏರುತ್ತದೆ. ಒಬ್ಬರೋ ಇಬ್ಬರೋ ಇರುವ ಮನೆಗೆ ಬಟ್ಟೆ ಒಗೆಯುವ ಹೊತ್ತನ್ನು ಅಡುಗೆಯ ಹೊತ್ತಿನಿಂದ ಬೇರೆ ಮಾಡಿಕೊಳ್ಳುವುದೇ ಸಾಕೆಂದು ನನ್ನ ಅಭಿಪ್ರಾಯ.